ಗೃಹಜೀವನದಲ್ಲಿ ಸೌರಶಕ್ತಿ: ಒಂದು ವಿವೇಚನೆ

ಹನ್ನೆರಡನೆಯ ಶತಮಾನದ ಶಿವಶರಣರು ಸಂಸಾರವನ್ನು ತೊರೆದು ಕಾಡು ಸೇರಬೇಕೆಂದು ಬೋಧಿಸಲಿಲ್ಲ. ಮನೆಯನ್ನೇ ಸಾಧನೆಯ ನೆಲೆಯಾಗಿ ಕಂಡರು. ದುಡಿದು ಗಳಿಸುವುದು ಕಾಯಕವಾದರೆ, ಗಳಿಸಿದ್ದರಲ್ಲಿ ಬೇಕಾದಷ್ಟನ್ನು ಮಾತ್ರ ಬಳಸಿ ಉಳಿದುದನ್ನು ಸಮಾಜಕ್ಕೆ ಸಲ್ಲಿಸುವುದು ದಾಸೋಹವೆನಿಸಿತು. ಆಯ್ದಕ್ಕಿ ಮಾರಯ್ಯನವರ ಪ್ರಸಂಗ ಶಾಲೆಯ ಮಕ್ಕಳಿಗೂ ತಿಳಿದದ್ದೇ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕವಾಗಿತ್ತು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಪತ್ನಿ ಲಕ್ಕಮ್ಮನವರು ಅದನ್ನು ಒಲ್ಲದೆ, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಮಾಡಿದರೆಂದು ಪರಂಪರೆ ಹೇಳುತ್ತದೆ. ಈ ಮನೆಗೆ ಈ ದಿನ ಎಷ್ಟು ಬೇಕು ಎಂಬ ಲೆಕ್ಕ ಆ ತಾಯಿಗೆ ಸ್ಪಷ್ಟವಾಗಿತ್ತು. ಅಕ್ಕಿಯ ವಿಷಯದಲ್ಲಿ ಇದ್ದ ಆ ಲೆಕ್ಕ ವಿದ್ಯುಚ್ಛಕ್ತಿಯ ವಿಷಯದಲ್ಲಿ ಇಂದಿನ ಮನೆಗಳಲ್ಲಿ ಇಲ್ಲವೆಂದೇ ಹೇಳಬೇಕು.

ಸೌರಶಕ್ತಿಯ ಮಾತು ಈಗ ಹಳ್ಳಿಹಳ್ಳಿಗಳಲ್ಲಿಯೂ ಕೇಳಿಬರುತ್ತಿದೆ. ಮನೆಯ ಮಾಳಿಗೆಯ ಮೇಲೆ ಫಲಕಗಳನ್ನು ಕೂರಿಸುವವರಿಗೆ ನೆರವಾಗಲು ಕೇಂದ್ರ ಸರ್ಕಾರವು 2024ರ ಫೆಬ್ರವರಿಯಲ್ಲಿ ‘ಪಿ.ಎಂ. ಸೂರ್ಯಘರ್’ ಎಂಬ ಯೋಜನೆಯನ್ನು ಆರಂಭಿಸಿತು. ಒಂದು ಕೋಟಿ ಮನೆಗಳನ್ನು ತಲುಪುವುದು ಅದರ ಗುರಿ. ಅದಕ್ಕಾಗಿ ಎತ್ತಿಟ್ಟ ಮೊತ್ತ 75,021 ಕೋಟಿ ರೂಪಾಯಿ. ಆಗ ಪ್ರಕಟವಾದ ಪ್ರಕಾರ 1 ಕಿಲೋವ್ಯಾಟಿನ ಘಟಕಕ್ಕೆ 30,000 ರೂಪಾಯಿ, 2 ಕಿಲೋವ್ಯಾಟಿಗೆ 60,000 ರೂಪಾಯಿ, 3 ಕಿಲೋವ್ಯಾಟ್ ಮತ್ತು ಅದಕ್ಕೆ ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ ಸಹಾಯಧನ. ಇದರಿಂದ ಜನರಲ್ಲಿ ಉತ್ಸಾಹ ಮೂಡಿರುವುದು ಸಂತೋಷದ ವಿಷಯವೇ. ಆದರೆ ‘ಎಷ್ಟು ಕಿಲೋವ್ಯಾಟ್ ಹಾಕಿಸೋಣ?’ ಎಂಬ ಪ್ರಶ್ನೆಯಿಂದ ಮಾತು ಆರಂಭವಾಗುವ ಕಡೆ ‘ಎಷ್ಟು ಬೇಕು?’ ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ. ಕ್ರಮವನ್ನು ತಿರುವು ಮುರುವು ಮಾಡಿದ ಮನೆ ಫಲಕಕ್ಕೆ ಎರಡರಷ್ಟು ಹಣ ತೆರುತ್ತದೆ. ಇದನ್ನು ಅಂಕಿಗಳಿಂದಲೇ ತೋರಿಸಬಹುದು. ಅದಕ್ಕೆ ಮೊದಲು, ಗೋಡೆಯ ಗುಂಡಿಯನ್ನು ಒತ್ತಿದೊಡನೆ ಬರುವ ಶಕ್ತಿ ಎಲ್ಲಿಂದ ಬರುತ್ತದೆಂಬುದನ್ನು ಸ್ಥೂಲವಾಗಿಯಾದರೂ ತಿಳಿಯುವುದು ಉಚಿತ.

ಶಕ್ತಿಯ ಮೂಲಗಳು

ಕರ್ನಾಟಕದಲ್ಲಿ ವಿದ್ಯುತ್ತು ಮೊದಲು ಹುಟ್ಟಿದ್ದು ನೀರಿನಿಂದ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ಜಲಪಾತದಿಂದ ಉತ್ಪಾದನೆಯಾದ ಶಕ್ತಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. 1948ರಲ್ಲಿ ಜೋಗದ ವಿದ್ಯುದಾಗಾರವೂ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೂ ಬಂದುವು. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಎಷ್ಟೋ ಊರುಗಳೂ ತೋಟಗಳೂ ಮುಳುಗಿದವು. ಶರಾವತಿಯ ಮುಳುಗಡೆಯ ಸಂತ್ರಸ್ತರ ಭೂಮಿಯ ಹಕ್ಕಿನ ಪ್ರಶ್ನೆ ಅರ್ಧ ಶತಮಾನ ಕಳೆದರೂ ಮುಗಿಯದೆ ಉಳಿಯಿತು. 1985ರಲ್ಲಿ ರಾಯಚೂರಿನ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ ಆರಂಭವಾಯಿತು. ಅದರ ಕಲ್ಲಿದ್ದಲು ಹೊರರಾಜ್ಯದ ಗಣಿಗಳಿಂದ ರೈಲಿನಲ್ಲಿ ಬರಬೇಕು; ಉರಿದ ಬಳಿಕ ಬೂದಿ ಇಲ್ಲಿಯೇ ಉಳಿಯುತ್ತದೆ. 2000ದಲ್ಲಿ ಕೈಗಾದ ಅಣುಸ್ಥಾವರವೂ ಸೇರಿತು. ಪಟ್ಟಣದ ಒಂದು ಮನೆಯ ದೀಪದ ಹಿಂದೆ ಯಾರದೋ ಮುಳುಗಿದ ಹೊಲವೂ ಯಾರದೋ ಊರಿನ ಬೂದಿಯೂ ಇದೆ ಎಂಬುದು ಬಿಲ್ಲಿನಲ್ಲಿ ಕಾಣಿಸುವುದಿಲ್ಲ. ಈ ದೇಶದ ವಿದ್ಯುಜ್ಜಾಲದಿಂದ ಬರುವ ಪ್ರತಿ ಯೂನಿಟ್ಟಿಗೆ ಸರಾಸರಿ 0.7 ಕಿಲೋಗ್ರಾಮಿನಷ್ಟು ಇಂಗಾಲದ ಡೈಆಕ್ಸೈಡು ವಾತಾವರಣವನ್ನು ಸೇರುತ್ತದೆ.

ಸೂರ್ಯನ ಬೆಳಕಿನಿಂದ ನೇರವಾಗಿ ವಿದ್ಯುತ್ತನ್ನು ಪಡೆಯಬಹುದೆಂಬ ಸಂಗತಿ ಹೊಸದಲ್ಲ. ಫ್ರಾನ್ಸಿನ ಎಡ್ಮಂಡ್ ಬೆಕರೆಲ್ 1839ರಲ್ಲಿಯೇ ಇದನ್ನು ಕಂಡನು. ಬೆಳಕು ಶಕ್ತಿಯ ಸಣ್ಣ ಸಣ್ಣ ಕಣಗಳಂತೆ ವರ್ತಿಸಿ ಲೋಹದಿಂದ ಎಲೆಕ್ಟ್ರಾನುಗಳನ್ನು ಹೊರದೂಡುತ್ತದೆಂದು ಐನ್‌ಸ್ಟೈನ್ 1905ರಲ್ಲಿ ವಿವರಿಸಿದನು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1954ರಲ್ಲಿ ಮೊದಲ ಉಪಯುಕ್ತ ಸಿಲಿಕಾನ್ ಕೋಶ ಸಿದ್ಧವಾಯಿತು. ಬಿದ್ದ ಬೆಳಕಿನಲ್ಲಿ ನೂರಕ್ಕೆ 6ರಷ್ಟನ್ನು ಮಾತ್ರ ಅದು ವಿದ್ಯುತ್ತಾಗಿ ಮಾರ್ಪಡಿಸುತ್ತಿತ್ತು. ಈಗ ಪೇಟೆಯಲ್ಲಿ ದೊರೆಯುವ ಉತ್ತಮ ಫಲಕಗಳು ನೂರಕ್ಕೆ 20ರಿಂದ 22ರಷ್ಟನ್ನು ಮಾರ್ಪಡಿಸುತ್ತವೆ. ಅಷ್ಟು ದುಬಾರಿಯಾದ ವಸ್ತು ಮೊದಮೊದಲು ಸಲ್ಲುತ್ತಿದ್ದುದು ಆಕಾಶದಲ್ಲಿಯೇ. ಬೆಂಗಳೂರಿನ ಪೀಣ್ಯದಲ್ಲಿ ನಿರ್ಮಾಣವಾಗಿ 1975ರ ಏಪ್ರಿಲ್ 19ರಂದು ರಷ್ಯದ ನೆಲದಿಂದ ಹಾರಿದ ಭಾರತದ ಮೊದಲ ಉಪಗ್ರಹ ‘ಆರ್ಯಭಟ’ದ ಮೈಮೇಲೆಲ್ಲ ಸೌರಕೋಶಗಳೇ ಇದ್ದವು. ಆ ಉಪಗ್ರಹದ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತದ್ದು ವಿದ್ಯುತ್ ಪೂರೈಕೆಯ ದೋಷದಿಂದ. ಅದೇ ಬಗೆಯ ಕೋಶ ಐವತ್ತು ವರ್ಷಗಳ ಒಳಗೆ ರೈತನ ಮಾಳಿಗೆಗೆ ಇಳಿದು ಬಂದಿರುವುದು ಅಚ್ಚರಿಯ ಸಂಗತಿ.

ಕೋಶದ ತತ್ತ್ವವನ್ನು ಪ್ರೌಢಶಾಲೆಯ ವಿದ್ಯಾರ್ಥಿಗೆ ಹೀಗೆ ತಿಳಿಸಬಹುದು. ಸಿಲಿಕಾನ್ ಎಂಬುದು ಮರಳಿನಲ್ಲಿ ಅಡಗಿರುವ ಮೂಲವಸ್ತು. ಶುದ್ಧ ಸಿಲಿಕಾನಿನ ತೆಳುವಾದ ಬಿಲ್ಲೆಯ ಒಂದು ಪದರಕ್ಕೆ ರಂಜಕದ ಲೇಶವನ್ನೂ ಇನ್ನೊಂದಕ್ಕೆ ಬೋರಾನಿನ ಲೇಶವನ್ನೂ ಬೆರೆಸಿದಾಗ, ಒಂದರಲ್ಲಿ ಎಲೆಕ್ಟ್ರಾನುಗಳು ಹೆಚ್ಚು, ಇನ್ನೊಂದರಲ್ಲಿ ಕೊರತೆ ಎಂಬ ಸ್ಥಿತಿ ಉಂಟಾಗುತ್ತದೆ. ಎರಡೂ ಕೂಡುವ ಗಡಿಯಲ್ಲಿ ಒಂದು ವಿದ್ಯುತ್ ಕ್ಷೇತ್ರ ನೆಲೆಸುತ್ತದೆ. ಬೆಳಕು ಬಿದ್ದು ಎಲೆಕ್ಟ್ರಾನು ಬಿಡುಗಡೆಯಾದೊಡನೆ ಈ ಕ್ಷೇತ್ರ ಅದನ್ನು ಒಂದೇ ದಿಕ್ಕಿಗೆ ತಳ್ಳುತ್ತದೆ. ಹೊರಗೆ ತಂತಿ ಜೋಡಿಸಿದರೆ ಅದೇ ವಿದ್ಯುತ್ ಪ್ರವಾಹ. ತಿರುಗುವ ಚಕ್ರವಿಲ್ಲ, ಉರಿಯುವ ಇಂಧನವಿಲ್ಲ, ಸದ್ದಿಲ್ಲ.

ಮನೆಯ ಲೆಕ್ಕ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಎಂಬ ಕೇಂದ್ರವನ್ನು ಹುಟ್ಟುಹಾಕಿದ ಡಾ. ಅಮೂಲ್ಯ ರೆಡ್ಡಿಯವರು ಒಂದು ಸರಳ ವಿಚಾರವನ್ನು ಜೀವನಪರ್ಯಂತ ಪ್ರತಿಪಾದಿಸಿದರು. ಜನರಿಗೆ ಬೇಕಾದದ್ದು ಯೂನಿಟ್ಟುಗಳಲ್ಲ. ಬೆಳಕು, ಬೆಂದ ಅನ್ನ, ಬಿಸಿನೀರು, ತಂಪುಗಾಳಿ. ಇವನ್ನು ಎಷ್ಟು ಕಡಿಮೆ ಶಕ್ತಿಯಿಂದ ಒದಗಿಸಬಹುದೆಂಬುದೇ ಮೊದಲ ಪ್ರಶ್ನೆ. 1980ರ ದಶಕದ ಕೊನೆಯಲ್ಲಿ ರಾಜ್ಯದ ಭವಿಷ್ಯದ ವಿದ್ಯುತ್ ಬೇಡಿಕೆಯ ಬಗ್ಗೆ ದೊಡ್ಡ ದೊಡ್ಡ ಅಂದಾಜುಗಳು ಸಿದ್ಧವಾದಾಗ, ಅವರೂ ಸಂಗಡಿಗರೂ ಪರ್ಯಾಯ ಯೋಜನೆಯೊಂದನ್ನು ಮುಂದಿಟ್ಟರು. ಮಿತವ್ಯಯದ ದೀಪಗಳು, ಬಚ್ಚಲಿಗೆ ಸೌರ ಜಲತಾಪಕ ಮುಂತಾದ ಸಾಧಾರಣ ಕ್ರಮಗಳಿಂದಲೇ ಹೊಸ ಸ್ಥಾವರಗಳ ಬಹುಪಾಲನ್ನು ತಪ್ಪಿಸಬಹುದೆಂದು ಅದರಲ್ಲಿ ತೋರಿಸಲಾಗಿತ್ತು. ರಾಜ್ಯಕ್ಕೆ ಹೇಳಿದ ಈ ಮಾತು ಒಂದೊಂದು ಮನೆಗೂ ಅನ್ವಯಿಸುತ್ತದೆ.

ಒಂದು ಮಾದರಿ ಲೆಕ್ಕವನ್ನು ಪರಿಶೀಲಿಸಬಹುದು. 1,000 ವ್ಯಾಟಿನ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್ಟು. ಗದಗಿನಂಥ ಊರಿನಲ್ಲಿ ಆರು ಜನರ ಒಂದು ಮನೆ ಇದೆಯೆಂದು ಭಾವಿಸಬೇಕು. ಚೋಕು ಸೇರಿ 50 ವ್ಯಾಟು ಎಳೆಯುವ ಹಳೆಯ ಟ್ಯೂಬ್‌ಲೈಟುಗಳು ನಾಲ್ಕು, ದಿನಕ್ಕೆ ಐದು ಗಂಟೆ ಉರಿದರೆ 1 ಯೂನಿಟ್ಟು. 75 ವ್ಯಾಟಿನ ನಾಲ್ಕು ಫ್ಯಾನುಗಳು ಹತ್ತು ಗಂಟೆ ತಿರುಗಿದರೆ 3 ಯೂನಿಟ್ಟು. 2,000 ವ್ಯಾಟಿನ ಗೀಸರ್ ಒಂದೂವರೆ ಗಂಟೆ ನಡೆದರೆ ಮತ್ತೆ 3. ಫ್ರಿಜ್ಜಿಗೆ 1, ಟೆಲಿವಿಷನ್ನಿಗೆ 0.4, ನೀರೆತ್ತುವ ಪಂಪಿಗೆ 0.4, ಮಿಕ್ಸರ್, ಇಸ್ತ್ರಿ ಮುಂತಾದವಕ್ಕೆ ಅರ್ಧ ಯೂನಿಟ್ಟು. ಒಟ್ಟು ದಿನಕ್ಕೆ 9.3, ತಿಂಗಳಿಗೆ 279 ಯೂನಿಟ್ಟು. ಕರ್ನಾಟಕದ ಬಿಸಿಲಿನಲ್ಲಿ 1 ಕಿಲೋವ್ಯಾಟಿನ ಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ಟು ಕೊಡುತ್ತದೆ. ಆದುದರಿಂದ ಈ ಮನೆಗೆ ಸುಮಾರು ಎರಡೂವರೆ ಕಿಲೋವ್ಯಾಟು ಬೇಕು. ಮಾರಾಟಗಾರನು 3 ಎಂದು ಹೇಳಿದರೆ ಆಶ್ಚರ್ಯವಿಲ್ಲ.

ಅದೇ ಮನೆಯವರು ಮೊದಲು ಮನೆಯೊಳಗೆ ಕಣ್ಣು ಹಾಯಿಸಿದರೆನ್ನೋಣ. ಟ್ಯೂಬ್‌ಲೈಟುಗಳ ಜಾಗಕ್ಕೆ 20 ವ್ಯಾಟಿನ ಎಲ್.ಇ.ಡಿ. ಪಟ್ಟಿಗಳು ಬಂದರೆ 1 ಯೂನಿಟ್ಟು 0.4ಕ್ಕೆ ಇಳಿಯುತ್ತದೆ. 30 ವ್ಯಾಟಿನಲ್ಲಿ ತಿರುಗುವ ಬಿ.ಎಲ್.ಡಿ.ಸಿ. ಫ್ಯಾನುಗಳು ಬಂದರೆ 3 ಯೂನಿಟ್ಟು 1.2 ಆಗುತ್ತದೆ. ಗೀಸರಿನ ಬದಲು ಸೌರ ಜಲತಾಪಕ ಬಂದರೆ ಬಿಸಿಲಿರುವ ದಿನಗಳಲ್ಲಿ ಆ 3 ಯೂನಿಟ್ಟು ಸೊನ್ನೆ. ಉಳಿದದ್ದು ಹಾಗೆಯೇ ಇರಲಿ. ಈಗ ಒಟ್ಟು ದಿನಕ್ಕೆ 3.9, ತಿಂಗಳಿಗೆ 117 ಯೂನಿಟ್ಟು. 1 ಕಿಲೋವ್ಯಾಟಿನ ಫಲಕ ಸಾಕು. ಬೆಳಕು ಕಡಿಮೆಯಾಗಲಿಲ್ಲ, ಗಾಳಿ ಕಡಿಮೆಯಾಗಲಿಲ್ಲ, ಬಿಸಿನೀರಿಗೆ ಕೊರತೆಯಿಲ್ಲ. ಒಂದೂವರೆ ಕಿಲೋವ್ಯಾಟಿನ ಫಲಕವನ್ನು ಕೊಳ್ಳುವ ಹಣವೂ ಅದಕ್ಕೆ ಬೇಕಾಗಿದ್ದ ಮಾಳಿಗೆಯ ಜಾಗವೂ ಉಳಿದವು. ದೀಪ, ಫ್ಯಾನು, ಜಲತಾಪಕಗಳಿಗೂ ಹಣ ಬೇಕೆಂಬುದು ದಿಟ. ಆದರೆ ಅವನ್ನು ಒಂದೊಂದಾಗಿ, ಹಳೆಯವು ಕೆಟ್ಟಂತೆಲ್ಲ, ಕೈಗೆ ನಿಲುಕಿದಾಗ ಕೊಳ್ಳಬಹುದು. ಲಕ್ಕಮ್ಮನವರ ಪ್ರಶ್ನೆಗೆ ಈ ಕಾಲದಲ್ಲಿ ದೊರೆಯುವ ಉತ್ತರ ಈ ಬಗೆಯದು.

ಈ ಲೆಕ್ಕವನ್ನು ಎಂಟನೆಯ ಅಥವಾ ಒಂಬತ್ತನೆಯ ತರಗತಿಯ ಪಾಠವನ್ನಾಗಿ ಮಾಡುವುದು ಕಷ್ಟವಲ್ಲ. ವಿದ್ಯಾರ್ಥಿಯು ತನ್ನ ಮನೆಯ ಮೀಟರಿನ ಅಂಕಿಯನ್ನು ಒಂದು ವಾರ ಬೆಳಿಗ್ಗೆ ಮತ್ತು ಸಂಜೆ ಬರೆದುಕೊಂಡು ಬರಲಿ. ಪ್ರತಿ ಉಪಕರಣದ ಹಿಂಬದಿಯ ಚೀಟಿಯಲ್ಲಿ ಮುದ್ರಿತವಾದ ವ್ಯಾಟನ್ನು ಓದಲಿ. ಎರಡು ಲೆಕ್ಕಗಳೂ ಹೊಂದದಿದ್ದಲ್ಲಿ ಏಕೆ ಹೊಂದಲಿಲ್ಲವೆಂದು ಹುಡುಕುವುದೇ ಒಂದು ಪಾಠ. ಫ್ರಿಜ್ಜಿನ ಚೀಟಿಯ ವ್ಯಾಟನ್ನು 24 ಗಂಟೆಗೆ ಗುಣಿಸಿದ ಹುಡುಗ ದೊಡ್ಡ ಅಂಕಿಯನ್ನು ತಂದೇ ತರುತ್ತಾನೆ. ಅದರ ಯಂತ್ರ ನಡುನಡುವೆ ನಿಂತು ನಡೆಯುತ್ತದೆಂಬುದು ಆಗ ತಾನಾಗಿ ತಿಳಿಯುತ್ತದೆ.

ಬಚ್ಚಲ ಬಿಸಿನೀರು

ಸೌರಶಕ್ತಿಯೆಂದರೆ ನೀಲಿ ಫಲಕವೆಂಬ ಭಾವನೆ ಬೆಳೆದಿರುವುದರಿಂದ ಅದಕ್ಕಿಂತ ಹಳೆಯದೂ ಸರಳವೂ ಆದ ಜಲತಾಪಕ ಹಿಂದೆ ಬಿದ್ದಿದೆ. ಈ ಭಾಗದ ಬಚ್ಚಲುಮನೆಗಳಲ್ಲಿ ಹಂಡೆಯ ಕೆಳಗೆ ಕಟ್ಟಿಗೆ, ತೆಂಗಿನ ಗರಿ, ಹತ್ತಿಯ ಕಟ್ಟಿಗಳು ಉರಿಯುತ್ತಿದ್ದ ಕಾಲ ಬಹಳ ಹಿಂದಿನದೇನಲ್ಲ. ಹೊಗೆಯಿಂದ ಬಿಡುಗಡೆ ಬೇಕೆಂದು ಗೀಸರ್ ಬಂದಿತು. ಅದು ಮನೆಯ ಉಪಕರಣಗಳಲ್ಲೆಲ್ಲ ಹಸಿವು ಹೆಚ್ಚಿನದು. ಏಕೆಂಬುದನ್ನು ಭೌತಶಾಸ್ತ್ರದ ಒಂದು ಸಣ್ಣ ಲೆಕ್ಕ ಹೇಳುತ್ತದೆ. 100 ಲೀಟರು ನೀರನ್ನು 25 ಡಿಗ್ರಿಯಿಂದ 60 ಡಿಗ್ರಿ ಸೆಲ್ಷಿಯಸ್ಸಿಗೆ ಏರಿಸಲು 100ನ್ನು 35ರಿಂದಲೂ ಬಂದದ್ದನ್ನು 4.18ರಿಂದಲೂ ಗುಣಿಸಿದಷ್ಟು, ಅಂದರೆ 14,630 ಕಿಲೋಜೂಲು ಬೇಕು. ಒಂದು ಯೂನಿಟ್ಟಿಗೆ 3,600 ಕಿಲೋಜೂಲು. ಭಾಗಿಸಿದರೆ ಸುಮಾರು 4 ಯೂನಿಟ್ಟು. ಮೇಲಿನ ಮಾದರಿಯ ಮಿತವ್ಯಯದ ಮನೆ ಇಡೀ ದಿನ ಬಳಸುವ ವಿದ್ಯುತ್ತು ಇಷ್ಟೇ ಎಂಬುದನ್ನು ಗಮನಿಸಬೇಕು.

ಕಲ್ಲಿದ್ದಲನ್ನು ಸುಟ್ಟು ಉಗಿ ಮಾಡಿ, ಉಗಿಯಿಂದ ಚಕ್ರ ತಿರುಗಿಸಿ, ವಿದ್ಯುತ್ತನ್ನು ನೂರಾರು ಮೈಲಿ ತಂತಿಯಲ್ಲಿ ತಂದು, ಕೊನೆಗೆ ಅದರಿಂದ ಸ್ನಾನದ ನೀರನ್ನು ಕಾಯಿಸುವುದು ಎಂಥ ಸುತ್ತುಬಳಸಿನ ದಾರಿ! ಜಲತಾಪಕದಲ್ಲಿ ದಾರಿ ನೇರ. 100 ಲೀಟರಿಗೆ ಸುಮಾರು 2 ಚದರ ಮೀಟರು ವಿಸ್ತಾರದ ಕಪ್ಪು ಬಣ್ಣದ ತಗಡು ಬಿಸಿಲನ್ನು ಹೀರುತ್ತದೆ. ಅದಕ್ಕೆ ಬೆಸೆದ ಕೊಳವೆಗಳಲ್ಲಿ ಕಾದ ನೀರು ಹಗುರಾಗಿ ಮೇಲಿನ ತೊಟ್ಟಿಗೆ ಏರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಪಂಪು ಬೇಕಿಲ್ಲ. ತೊಟ್ಟಿಯ ಸುತ್ತ ಶಾಖ ಸೋರದಂತೆ ದಪ್ಪ ಹೊದಿಕೆ ಇರುವುದರಿಂದ ಸಂಜೆಯ ಬಿಸಿನೀರು ಮರುದಿನ ಮುಂಜಾನೆಗೂ ಒದಗುತ್ತದೆ. ಫಲಕವು ಬಿಸಿಲಿನ ಐದನೆಯ ಒಂದು ಪಾಲನ್ನು ಮಾತ್ರ ಹಿಡಿದರೆ ಜಲತಾಪಕವು ಅರ್ಧದ ಆಸುಪಾಸನ್ನು ಹಿಡಿಯುತ್ತದೆ. ಮಾಳಿಗೆಯಲ್ಲಿ ಜಾಗ ಕಡಿಮೆಯಿದ್ದವರು ಮೊದಲು ಇದನ್ನು ಕೂರಿಸಬೇಕು.

ಉತ್ತರ ಕರ್ನಾಟಕದಲ್ಲಿ ಇದಕ್ಕೆ ಒಂದು ಶತ್ರುವಿದೆ. ಕೊಳವೆಬಾವಿಯ ಗಡುಸು ನೀರು ಕಾದಾಗ ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಕೆಲವು ವರ್ಷಗಳಲ್ಲಿ ತಾಮ್ರದ ಸಣ್ಣ ಕೊಳವೆಗಳು ಮುಚ್ಚಿಹೋಗಿ ‘ಸೋಲಾರ್ ಕೆಟ್ಟಿತು’ ಎಂಬ ಮಾತು ಹುಟ್ಟುತ್ತದೆ. ಇಂಥ ಊರುಗಳಲ್ಲಿ ಗಾಜಿನ ನಿರ್ವಾತ ಕೊಳವೆಗಳ ಮಾದರಿ ಹೆಚ್ಚು ತಾಳುತ್ತದೆ, ಸ್ವಚ್ಛಗೊಳಿಸುವುದೂ ಸುಲಭ. ಮಳೆನೀರನ್ನು ಹಿಡಿದಿಡುವ ತೊಟ್ಟಿಯಿದ್ದ ಮನೆಗಳಿಗಂತೂ ಈ ತೊಡಕೇ ಇಲ್ಲ.

ಹಳೆಯ ಮನೆಗಳನ್ನು ಕಟ್ಟಿದವರಿಗೆ ಸೌರಶಕ್ತಿ ಎಂಬ ಹೆಸರು ತಿಳಿದಿರಲಿಲ್ಲ. ಆದರೆ ಸೂರ್ಯನೊಂದಿಗೆ ಹೇಗೆ ಬಾಳಬೇಕೆಂಬುದು ತಿಳಿದಿತ್ತು. ಬಯಲುಸೀಮೆಯ ಮಣ್ಣಿನ ಮಾಳಿಗೆ, ಎರಡು ಮೊಳದ ಗೋಡೆ, ಪಡಸಾಲೆಗೆ ಮೇಲಿನಿಂದ ಬೆಳಕು ಸುರಿಸುವ ಬೆಳಕಿಂಡಿ, ಇವು ಹಗಲಿನ ದೀಪವನ್ನೂ ಮಧ್ಯಾಹ್ನದ ಗಾಳಿಯಂತ್ರವನ್ನೂ ಬೇಡದಂತೆ ಮಾಡುತ್ತಿದ್ದವು. ಅವನ್ನು ಕೆಡವಿ ತೆಳುವಾದ ಕಾಂಕ್ರೀಟು ತಾರಸಿಯನ್ನು ಹಾಕಿದ ಮೇಲೆ ಅದರಡಿಯ ಕಾವನ್ನು ತಣಿಸಲು ಯಂತ್ರ ಬೇಕಾಯಿತು. ತಾರಸಿಗೆ ಬಿಳಿಯ ಸುಣ್ಣವನ್ನು ಬಳಿಯುವುದರಿಂದಲೇ ಕೆಳಗಿನ ಕೋಣೆಯ ಸೆಕೆ ಗಮನಾರ್ಹವಾಗಿ ತಗ್ಗುತ್ತದೆ. ಇದಕ್ಕೆ ಸಹಾಯಧನವೂ ಇಲ್ಲ, ಜಾಹೀರಾತೂ ಇಲ್ಲ.

ಮಾಳಿಗೆಯ ಮೇಲಿನ ಫಲಕ

ಇಷ್ಟಾದ ಮೇಲೆ ಫಲಕದ ಮಾತು. 1 ಕಿಲೋವ್ಯಾಟಿಗೆ ನೆರಳು ಬೀಳದ ಸುಮಾರು 100 ಚದರ ಅಡಿ ಜಾಗ ಬೇಕು. ಫಲಕಗಳು ದಕ್ಷಿಣಕ್ಕೆ ಮುಖಮಾಡಿ, ಊರಿನ ಅಕ್ಷಾಂಶದಷ್ಟು ಓರೆಯಾಗಿರಬೇಕು. ಕರ್ನಾಟಕವು ಸುಮಾರು 11.5ರಿಂದ 18.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಇರುವುದರಿಂದ ಓರೆ ಅಲ್ಪವೇ. ನೆರಳಿನ ವಿಷಯದಲ್ಲಿ ಮಾತ್ರ ರಾಜಿ ಸಲ್ಲದು. ಕೋಶಗಳು ಒಂದರ ಹಿಂದೊಂದು ಸಾಲಾಗಿ ಜೋಡಿಸಲ್ಪಟ್ಟಿರುವುದರಿಂದ ನೀರಿನ ತೊಟ್ಟಿಯ ಅಥವಾ ತೆಂಗಿನ ಗರಿಯ ನೆರಳು ಒಂದು ಮೂಲೆಯ ಮೇಲೆ ಬಿದ್ದರೂ ಇಡೀ ಸಾಲಿನ ಪ್ರವಾಹ ಕುಂದುತ್ತದೆ. ಕಾಲುವೆಯ ಒಂದೆಡೆ ಕಲ್ಲು ಬಿದ್ದರೆ ಕೊನೆಯ ಹೊಲದವನಿಗೆ ನೀರಿಲ್ಲವಾದಂತೆ.

ಬಿಸಿಲು ಹೆಚ್ಚಿದಷ್ಟೂ ವಿದ್ಯುತ್ತು ಹೆಚ್ಚೆಂದು ಎಲ್ಲರೂ ಎಣಿಸುತ್ತಾರೆ. ಬೆಳಕಿನ ಮಟ್ಟಿಗೆ ಅದು ನಿಜ, ಕಾವಿನ ಮಟ್ಟಿಗೆ ಅಲ್ಲ. ಫಲಕದ ಮೇಲೆ ಬರೆದ ಸಾಮರ್ಥ್ಯ 25 ಡಿಗ್ರಿ ಉಷ್ಣತೆಯದು. ಅದಕ್ಕಿಂತ ಏರುವ ಪ್ರತಿ ಡಿಗ್ರಿಗೆ ನೂರಕ್ಕೆ ಸುಮಾರು 0.4ರಷ್ಟು ಉತ್ಪಾದನೆ ತಗ್ಗುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ ಫಲಕದ ಮೈ 60 ಡಿಗ್ರಿಯನ್ನು ಮೀರುವುದು ಸಾಮಾನ್ಯ. ಆಗ ನೂರಕ್ಕೆ 14ರಷ್ಟು ಹೋಯಿತೆಂದೇ ತಿಳಿಯಬೇಕು. ಆದ್ದರಿಂದ ಫಲಕದ ಕೆಳಗೆ ಗಾಳಿಯಾಡಲು ತೆರವಿರಬೇಕು. ಧೂಳು ಇನ್ನೊಂದು ಕಂಟಕ. ಮುಂಜಾನೆ ಅಥವಾ ಸಂಜೆ, ಗಾಜು ತಣ್ಣಗಿರುವಾಗ, ಸಿಹಿನೀರಿನಿಂದಲೂ ಮೆತ್ತನೆಯ ಬಟ್ಟೆಯಿಂದಲೂ ಒರೆಸಬೇಕು. ಗಡುಸು ನೀರು ಒಣಗಿದರೆ ಬಿಳಿಯ ಕಲೆ ನಿಲ್ಲುತ್ತದೆ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮಳೆಗಾಲದ ಮೂರು ತಿಂಗಳು ಉತ್ಪಾದನೆ ಬಹಳ ಕುಸಿಯುವುದರಿಂದ ಅಲ್ಲಿನ ಲೆಕ್ಕವನ್ನು ಬಯಲುಸೀಮೆಯ ಅಂಕಿಗಳಿಂದ ಮಾಡಲಾಗದು.

ಫಲಕಗಳನ್ನು ಕೂರಿಸಿದ ಮನೆಯವರಲ್ಲಿ ಅನೇಕರಿಗೆ ಮೊದಲ ನಿರಾಶೆ ಉಂಟಾಗುವುದು ಕರೆಂಟು ಹೋದ ದಿನ. ಮಾಳಿಗೆಯ ಮೇಲೆ ಸುಡುಬಿಸಿಲು, ಮನೆಯೊಳಗೆ ಫ್ಯಾನು ನಿಂತಿದೆ! ವಿದ್ಯುಜ್ಜಾಲಕ್ಕೆ ಜೋಡಿಸಿದ ಘಟಕದ ಇನ್ವರ್ಟರು ಹೊರಗಿನ ತಂತಿಯಲ್ಲಿ ವಿದ್ಯುತ್ತು ನಿಂತೊಡನೆ ತಾನೂ ನಿಲ್ಲುವಂತೆ ರಚಿತವಾಗಿರುತ್ತದೆ. ಹಾಗಿಲ್ಲದಿದ್ದರೆ, ಕಂಬವೇರಿ ತಂತಿಯನ್ನು ಸರಿಪಡಿಸುತ್ತಿರುವ ಲೈನ್‌ಮನ್ನನಿಗೆ ಮನೆಯ ಫಲಕದಿಂದ ಹೊರಟ ವಿದ್ಯುತ್ತು ತಾಗಿ ಪ್ರಾಣಕ್ಕೆ ಅಪಾಯ. ಕರೆಂಟು ಹೋದಾಗಲೂ ಬೆಳಕು ಬೇಕೆಂದರೆ ಬ್ಯಾಟರಿ ಬೇಕು. ಸೀಸ-ಆಮ್ಲದ ಬ್ಯಾಟರಿಯ ಆಯುಷ್ಯ ಸಾಮಾನ್ಯವಾಗಿ ನಾಲ್ಕರಿಂದ ಆರು ವರ್ಷ. ಕಾಲಕಾಲಕ್ಕೆ ಬಟ್ಟಿ ಇಳಿಸಿದ ನೀರನ್ನು ಹಾಕದಿದ್ದರೆ ಅಷ್ಟೂ ಇಲ್ಲ. ಫಲಕಕ್ಕೆ 25 ವರ್ಷದ ಭರವಸೆ ಕೊಡುವಾಗ ಬ್ಯಾಟರಿಯನ್ನು ನಾಲ್ಕೈದು ಸಲ, ಇನ್ವರ್ಟರನ್ನು ಒಮ್ಮೆಯಾದರೂ ಬದಲಿಸಬೇಕಾದೀತೆಂಬುದನ್ನು ಅಂಗಡಿಯವರು ಅಷ್ಟೇ ಗಟ್ಟಿಯಾಗಿ ಹೇಳುವುದಿಲ್ಲ. ಮೇಲಾಗಿ ಸೀಸ ವಿಷವಸ್ತು. ಹಳೆಯ ಬ್ಯಾಟರಿಯನ್ನು ಗುಜರಿಯವನಿಗೆ ಕೊಟ್ಟರೆ, ಅವನು ಅದನ್ನು ಬಯಲಿನಲ್ಲಿ ಒಡೆದು ಕರಗಿಸಿದರೆ, ಆ ಕೇರಿಯ ಮಕ್ಕಳ ರಕ್ತಕ್ಕೆ ಸೀಸ ಸೇರುತ್ತದೆ. ಬಳಸಿದ ಬ್ಯಾಟರಿಗಳನ್ನು ಹಿಂಪಡೆಯುವ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಅದೇ ವರ್ಷದ ಇ-ತ್ಯಾಜ್ಯ ನಿಯಮಗಳಲ್ಲಿ ಸೌರಫಲಕಗಳನ್ನೂ ಸೇರಿಸಲಾಗಿದೆ. ಕೊಂಡ ಅಂಗಡಿಗೇ ಹಿಂದಿರುಗಿಸಿ ರಸೀದಿ ಪಡೆಯುವುದು ಬಳಕೆದಾರನ ಕರ್ತವ್ಯ.

ಜಾಲಕ್ಕೆ ಜೋಡಿಸಿದ ಮನೆಯಲ್ಲಿ ಮೀಟರು ಎರಡು ದಿಕ್ಕಿನ ಲೆಕ್ಕವನ್ನೂ ಇಡುತ್ತದೆ. ಹಗಲು ಮನೆಗೆ ಬೇಡವಾದ ವಿದ್ಯುತ್ತು ಹೊರಗೆ ಹೋಗಿ ನೆರೆಮನೆಯ ಹಿಟ್ಟಿನ ಗಿರಣಿಯನ್ನು ನಡೆಸೀತು. ರಾತ್ರಿ ಅಲ್ಲಿಂದಲೇ ವಿದ್ಯುತ್ತು ಮರಳುತ್ತದೆ. ತಿಂಗಳ ಕೊನೆಗೆ ವ್ಯತ್ಯಾಸಕ್ಕೆ ಮಾತ್ರ ಬಿಲ್ಲು. ಹಣದ ಲೆಕ್ಕ ಮಾತ್ರ ಎಲ್ಲರಿಗೂ ಒಂದೇ ಅಲ್ಲ. 2023ರಲ್ಲಿ ರಾಜ್ಯದಲ್ಲಿ ಆರಂಭವಾದ ‘ಗೃಹಜ್ಯೋತಿ’ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ, ಮನೆಯ ಹಿಂದಿನ ಸರಾಸರಿ ಬಳಕೆಯನ್ನು ಆಧರಿಸಿ, ವಿದ್ಯುತ್ತನ್ನು ಉಚಿತವಾಗಿ ಕೊಡಲಾಯಿತು. ಬಿಲ್ಲೇ ಬಾರದ ಮನೆಗೆ ಫಲಕದಿಂದ ಉಳಿಯುವ ಹಣವೂ ಇಲ್ಲ. ಬಡಕುಟುಂಬಕ್ಕೆ ಈ ನೆರವು ದೊಡ್ಡದು, ಅದನ್ನು ಹಳಿಯಬೇಕಾಗಿಲ್ಲ. ಆದರೆ ಆ ವಿದ್ಯುತ್ತಿನ ಬೆಲೆಯನ್ನು ಬೊಕ್ಕಸ ತೆರುತ್ತಿದೆ, ಕಲ್ಲಿದ್ದಲಿನ ಬೂದಿ ಎಂದಿನಂತೆ ಬೀಳುತ್ತಿದೆ. ಅನುಕೂಲಸ್ಥರ ಮನೆ ಹಣದ ಲಾಭವೊಂದನ್ನೇ ನೋಡದೆ 1 ಕಿಲೋವ್ಯಾಟನ್ನು ಕೂರಿಸಿದರೆ ವರ್ಷಕ್ಕೆ 1,400 ಯೂನಿಟ್ಟಿನಷ್ಟು ಹೊರೆ, ಸುಮಾರು ಒಂದು ಟನ್ ಇಂಗಾಲದ ಡೈಆಕ್ಸೈಡು ಕಡಿಮೆಯಾಗುತ್ತದೆ.

ಮಾಳಿಗೆಯ ಫಲಕಗಳಿಗೆ ಇನ್ನೊಂದು ಹೆಚ್ಚುಗಾರಿಕೆಯಿದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2018ರಲ್ಲಿ ಉದ್ಘಾಟನೆಯಾದ ‘ಶಕ್ತಿಸ್ಥಳ’ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವ್ಯಾಟು. ಅದಕ್ಕೆ ಬೇಕಾದದ್ದು ಸುಮಾರು 13,000 ಎಕರೆ. ಅಲ್ಲಿ ರೈತರ ಜಮೀನನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಆರಂಭಿಸಿ ಗುತ್ತಿಗೆಗೆ ಪಡೆದದ್ದು ಒಳ್ಳೆಯ ಕ್ರಮವೇ. ಆದರೂ ಜಮೀನಿಲ್ಲದ ಕೂಲಿಯವರಿಗೆ ಗುತ್ತಿಗೆಯ ಹಣ ಬರಲಿಲ್ಲ, ಹೊಲದ ಕೆಲಸವೂ ಉಳಿಯಲಿಲ್ಲ. ಮಾಳಿಗೆ ಯಾರ ಕೂಲಿಯನ್ನೂ ಕಸಿಯುವುದಿಲ್ಲ.

ಬಡವರ ಮನೆಯ ಬೆಳಕು

ಮಾಳಿಗೆಯೇ ಇಲ್ಲದವರ ಮಾತೇನು? ತಗಡಿನ ಮನೆಯವರಿಗೆ, ತೋಟದ ಮನೆಯವರಿಗೆ, ಬೀದಿಬದಿಯ ವ್ಯಾಪಾರಿಗಳಿಗೆ ಕಿಲೋವ್ಯಾಟಿನ ಮಾತು ದೂರದ್ದು. ಎರಡು ದೀಪ ಸಾಕು. ಡಾ. ಹರೀಶ್ ಹಂದೆಯವರು 1995ರಲ್ಲಿ ಕರ್ನಾಟಕದಲ್ಲಿ ಆರಂಭಿಸಿದ ಸೆಲ್ಕೋ ಸಂಸ್ಥೆ ಇಂಥವರನ್ನೇ ಗಿರಾಕಿಗಳೆಂದು ಭಾವಿಸಿ ಹೊರಟಿತು. ಬಡವನು ಸೌರದೀಪವನ್ನು ಕೊಳ್ಳಲಾರ, ಕೊಂಡರೂ ಕಾಪಾಡಲಾರ ಎಂಬ ಎಣಿಕೆ ಆಗ ಬಲವಾಗಿತ್ತು. ತಿಂಗಳಿಗೆ 300 ರೂಪಾಯಿ ಕೊಡುವುದು ಕಷ್ಟ, ದಿನಕ್ಕೆ 10 ರೂಪಾಯಿಯಾದರೆ ಕೊಡಬಲ್ಲೆ ಎಂದು ಬೀದಿಯ ವ್ಯಾಪಾರಿಯೊಬ್ಬಾಕೆ ತಮಗೆ ಪಾಠ ಹೇಳಿದ್ದನ್ನು ಹಂದೆಯವರು ಹಲವೆಡೆ ಸ್ಮರಿಸಿದ್ದಾರೆ. ಬೆಲೆ ಒಂದೇ, ಕೊಡುವ ಬಗೆ ಬೇರೆ. ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕು ಆ ದಶಕದಲ್ಲಿಯೇ ಮನೆಯ ಸೌರದೀಪಗಳಿಗೆ ಸಾಲ ಕೊಡಲು ಮುಂದಾಯಿತು. ಆ ಬ್ಯಾಂಕು 2005ರಲ್ಲಿ ಇತರ ಬ್ಯಾಂಕುಗಳೊಡನೆ ಸೇರಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಾಯಿತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳೂ ಕಡಿಮೆ ಬಡ್ಡಿಯ ಸೌರಸಾಲ ಯೋಜನೆಯನ್ನು ನಡೆಸಿದವು. 2011ರಲ್ಲಿ ಹಂದೆಯವರಿಗೆ ರೇಮನ್ ಮ್ಯಾಗ್ಸೇಸೆ ಪ್ರಶಸ್ತಿ ದೊರೆಯಿತು.

ಆ ಸಂಸ್ಥೆಯ ಕಾರ್ಯಗಳಲ್ಲಿ ವಿದ್ಯಾಸಂಸ್ಥೆಗಳು ವಿಶೇಷವಾಗಿ ಗಮನಿಸಬೇಕಾದದ್ದು ‘ಶಿಕ್ಷಣಕ್ಕಾಗಿ ಬೆಳಕು’ ಎಂಬ ಕ್ರಮ. ಫಲಕ ಶಾಲೆಯ ಮಾಳಿಗೆಯ ಮೇಲಿರುತ್ತದೆ; ಪ್ರತಿ ವಿದ್ಯಾರ್ಥಿಗೂ ಒಂದು ಸಣ್ಣ ದೀಪ ಮತ್ತು ಬ್ಯಾಟರಿ. ಬೆಳಿಗ್ಗೆ ಪುಸ್ತಕದ ಚೀಲದೊಡನೆ ಬ್ಯಾಟರಿಯನ್ನು ತಂದು ಶಾಲೆಯಲ್ಲಿ ಜೋಡಿಸಿ, ಸಂಜೆ ತುಂಬಿದ ಬ್ಯಾಟರಿಯನ್ನು ಒಯ್ಯುವುದು. ರಾತ್ರಿ ಓದಿಗೆ ಬೆಳಕು ಬೇಕಾದರೆ ಮರುದಿನ ಶಾಲೆಗೆ ಬರಲೇಬೇಕು. ಹಾಜರಿಯ ಸಮಸ್ಯೆಗೂ ಇದರಿಂದ ಅರ್ಧ ಪರಿಹಾರ ದೊರೆಯುತ್ತದೆ. ಸೀಮೆಎಣ್ಣೆಯ ಬುಡ್ಡಿಯ ಹೊಗೆಯಲ್ಲಿ ಓದಿ ಮೇಲೆ ಬಂದ ಹಿರಿಯ ವಿದ್ಯಾರ್ಥಿಗಳಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಶಾಲೆಗಳಿಗೂ ಪ್ರಸಾದನಿಲಯಗಳಿಗೂ ಸೌರಘಟಕಗಳನ್ನು ದಾನ ಮಾಡುವ ಭಕ್ತರ ಸಂಖ್ಯೆ ಹೆಚ್ಚುತ್ತಿರುವುದು ಶ್ಲಾಘನೀಯ. ಫಲಕದ ಚೌಕಟ್ಟಿನ ಮೇಲೆ ಹೆಸರು ಬರೆಸಲು ಜಾಗವಿದೆ. ಬ್ಯಾಟರಿಯ ಮೇಲೆ ಇಲ್ಲ. ಆದುದರಿಂದ ಐದನೆಯ ವರ್ಷ ಬ್ಯಾಟರಿ ಸತ್ತಾಗ ದಾನಿಗಳು ದೊರೆಯುವುದು ಕಷ್ಟವಾಗಿ, ಎಷ್ಟೋ ಕಡೆ ಫಲಕ ಮಾಳಿಗೆಯ ಮೇಲೆ ಧೂಳು ತಿನ್ನುತ್ತ ಕೂರುತ್ತದೆ. ಮಠಗಳಲ್ಲಿ ನಿತ್ಯದಾಸೋಹಕ್ಕೆ ಶಾಶ್ವತ ದತ್ತಿಯನ್ನು ಇಡುವ ಪದ್ಧತಿ ಬಹಳ ಹಳೆಯದು. ಮೂಲಧನವನ್ನು ಮುಟ್ಟದೆ ಬಡ್ಡಿಯಿಂದ ಅನ್ನ ನಡೆಯುತ್ತದೆ. ಸೌರಘಟಕದ ದಾನಕ್ಕೂ ಇದೇ ಪದ್ಧತಿಯನ್ನು ಅನ್ವಯಿಸಬಹುದು. ಘಟಕದ ಬೆಲೆಯೊಂದಿಗೆ ಬ್ಯಾಟರಿ, ಇನ್ವರ್ಟರುಗಳ ಬದಲಾವಣೆಗಾಗಿ ಒಂದು ಮೊತ್ತವನ್ನು ಬ್ಯಾಂಕಿನಲ್ಲಿ ಬೇರೆಯಾಗಿ ಇಟ್ಟು, ಅದರ ಪುಸ್ತಕವನ್ನು ಮುಖ್ಯೋಪಾಧ್ಯಾಯರ ವಶಕ್ಕೆ ಕೊಡಬೇಕು. ವಿಜ್ಞಾನದ ಶಿಕ್ಷಕರೊಬ್ಬರೂ ಮೇಲಿನ ತರಗತಿಯ ಇಬ್ಬರು ವಿದ್ಯಾರ್ಥಿಗಳೂ ತಿಂಗಳಿಗೊಮ್ಮೆ ಬ್ಯಾಟರಿಯ ನೀರಿನ ಮಟ್ಟ, ಫಲಕದ ಧೂಳು, ಮೀಟರಿನ ಅಂಕಿ ಈ ಮೂರನ್ನು ನೋಡಿ ಒಂದು ವಹಿಯಲ್ಲಿ ದಿನಾಂಕ ಸಹಿತ ಬರೆದಿಡಬೇಕು. ಉತ್ಪಾದನೆ ಎಂದು ಕುಸಿಯಲಾರಂಭಿಸಿತೆಂಬುದು ಆ ವಹಿಯಿಂದ ತಿಳಿಯುತ್ತದೆ. ದುರಸ್ತಿಗೆ ಬಂದವನಿಗೂ ಅದೇ ಮೊದಲ ಆಧಾರ.